ಹದಿನೈದು ವರ್ಷದಿಂದ ಹಾಸಿಗೆ ಹಿಡಿದವರಲ್ಲ: ಜೋ ಕೆಲ್ಲರ್ ಪ್ರಕರಣ

ಅಮೆರಿಕದ ಯಾವುದೋ ಊರಿನ ಅಂಚು. ಆಗಸ್ಟ್ ತಿಂಗಳ ಭಾನುವಾರ, ಬೆಳಗಿನ ಹೊತ್ತು. ಹಿತ್ತಿಲಲ್ಲಿ ಸೇಬಿನ ಮರವೊಂದು ರಾತ್ರಿಯ ಗಾಳಿಗೆ ಮುರಿದು ಬಿದ್ದಿದೆ, ಹಣ್ಣುಗಳು ಇನ್ನೂ ಕೊಂಬೆ ಬಿಟ್ಟಿಲ್ಲ. ಅರವತ್ತರ ಆಸುಪಾಸಿನ ಯಜಮಾನ ಬಿಸಿಲಿಗೆ ಕೂತು ಪತ್ರಿಕೆಯ 'ಬೇಕಾಗಿದೆ' ಕಾಲಂ ಓದುತ್ತಿದ್ದಾನೆ. ಮಾರನೆಯ ದಿನ ಬೆಳಗಾಗುವುದರೊಳಗೆ ಅವನು ತನಗೆ ತಾನೇ ಗುಂಡು ಹೊಡೆದುಕೊಂಡಿರುತ್ತಾನೆ.

1947ರ ಜನವರಿ 29ರಂದು ನ್ಯೂಯಾರ್ಕಿನ ಕೊರೊನೆಟ್ ಥಿಯೇಟರಿನಲ್ಲಿ ಪರದೆ ಎದ್ದಾಗ ಕಂಡ ಹಿತ್ತಿಲು ಇದು. ನಾಟಕ 'ಆಲ್ ಮೈ ಸನ್ಸ್', ನಿರ್ದೇಶಕ ಇಲಿಯಾ ಕಜಾನ್, ಬರೆದವನು 31 ವರ್ಷದ ಆರ್ಥರ್ ಮಿಲ್ಲರ್. ಬ್ರಾಡ್‌ವೇಯಲ್ಲಿ ಅವನ ಮೊದಲ ನಾಟಕ 1944ರಲ್ಲಿ ನಾಲ್ಕೇ ಪ್ರದರ್ಶನಕ್ಕೆ ಮಕಾಡೆ ಮಲಗಿತ್ತು. ಇದು 328 ಪ್ರದರ್ಶನ ಕಂಡಿತು. ಎರಡು ವರ್ಷದ ನಂತರ ಮಿಲ್ಲರ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಪ್ರಬಂಧ ಬರೆದು, ರಾಜರಿಗೆ ಒಗ್ಗಿದ ಟ್ರ್ಯಾಜಿಡಿ, ಅಂದರೆ ರುದ್ರನಾಟಕ, ಸಾಮಾನ್ಯ ಮನುಷ್ಯನಿಗೂ ಒಗ್ಗುತ್ತದೆ ಎಂದು ವಾದಿಸಿದ. ಆ ಪ್ರಬಂಧ ಹಿಡಿದುಕೊಂಡು ಎಲ್ಲರೂ ಅವನದೇ 'ಡೆತ್ ಆಫ್ ಎ ಸೇಲ್ಸ್‌ಮನ್' ನಾಟಕದ ವಿಲ್ಲಿ ಲೋಮನ್ ಕಡೆಗೇ ಓಡುತ್ತಾರೆ. ಅದು ದೊಡ್ಡ ನಾಟಕ, ತಕರಾರಿಲ್ಲ. ಆದರೆ ಟ್ರ್ಯಾಜಿಡಿ ಬಗ್ಗೆ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಆಡಿದ ಮಾತುಗಳನ್ನು ಆಧುನಿಕ ನಾಟಕಕ್ಕೆ ಹಚ್ಚಿ ನೋಡಬೇಕೆಂದರೆ ನನಗೆ ವಿಲ್ಲಿಗಿಂತ ಈ ಹಿತ್ತಿಲ ಯಜಮಾನ ಜೋ ಕೆಲ್ಲರ್ ಹೆಚ್ಚು ಕೆಲಸಕ್ಕೆ ಬರುವ ಮನುಷ್ಯ. ಗ್ರೀಕ್ ಚೌಕಟ್ಟು ಇಲ್ಲಿ ಕಣ್ಣಿಗೆ ಕಾಣುವ ಹಾಗೆ ನಿಂತಿದೆ. ಎಲ್ಲಿ ಕೂಡುತ್ತದೆ, ಎಲ್ಲಿ ಕಿತ್ತುಕೊಳ್ಳುತ್ತದೆ ಎಂಬುದು ಸರಿಯಾಗಿ ಗೊತ್ತಾಗುತ್ತದೆ.

ನಮ್ಮಲ್ಲಿ ರುದ್ರನಾಟಕ ಎಂದ ಕೂಡಲೇ ಗದೆ, ಕಿರೀಟ ಕಣ್ಣಮುಂದೆ ಬರುತ್ತವೆ. ಬಿ.ಎಂ.ಶ್ರೀ. 1929ರಲ್ಲಿ ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತದೊಳಕ್ಕೆ ತಂದು 'ಅಶ್ವತ್ಥಾಮನ್' ಬರೆದ ಮೇಲೆ ಹಾಗಾಗಿದ್ದರೆ ಆಶ್ಚರ್ಯವಿಲ್ಲ. ಜೋ ಕೆಲ್ಲರನ ಕಾರ್ಖಾನೆಯಲ್ಲಿ ಈಗ ತಯಾರಾಗುವುದು ಪ್ರೆಶರ್ ಕುಕ್ಕರ್. ಕುಕ್ಕರ್ ಮಾಡುವವನನ್ನು, ಅರಿಯದೆ ಅಪ್ಪನನ್ನು ಕೊಂದು ತಾಯಿಯನ್ನು ಮದುವೆಯಾದ ಸೊಫೊಕ್ಲಿಸನ ಥೀಬ್ಸ್ ದೊರೆ ಈಡಿಪಸ್ ಪಕ್ಕ ಕೂರಿಸಬಹುದೇ ಎಂಬುದು ಈ ಪ್ರಕರಣದ ಪ್ರಶ್ನೆ.

ನಡೆದದ್ದು

ಜೋ ಕೆಲ್ಲರ್ ಮತ್ತು ಸ್ಟೀವ್ ಡೀವರ್ ಪಾಲುದಾರರು, ಅಕ್ಕಪಕ್ಕದ ಮನೆಯವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇವರ ಕಾರ್ಖಾನೆ ಯುದ್ಧವಿಮಾನದ ಎಂಜಿನ್ನಿಗೆ ಸಿಲಿಂಡರ್ ಹೆಡ್ ಮಾಡಿಕೊಡುತ್ತಿತ್ತು. ಒಂದು ದಿನ ಹೆಡ್‌ಗಳು ಬಿರುಕು ಬಿಟ್ಟುಕೊಂಡೇ ಹೊರಬರತೊಡಗಿದವು. ಅತ್ತ ಸೇನೆಯವರು ಸರಕು ಎಲ್ಲಿ ಎಂದು ಪ್ರಾಣ ತಿನ್ನುತ್ತಿದ್ದಾರೆ. ಸ್ಟೀವ್ ಹೆದರಿ ಜೋ ಮನೆಗೆ ಫೋನ್ ಮಾಡಿದ. ತನಗೆ ಫ್ಲೂ, ಬರಲಾಗುವುದಿಲ್ಲ, ಬಿರುಕು ಕಾಣದ ಹಾಗೆ ಬೆಸೆದು ಕಳಿಸು, ಹೊಣೆ ನನ್ನದು ಎಂದ ಜೋ. ವಿಮಾನಗಳು ಬಿದ್ದವು, 21 ಪೈಲಟ್‌ಗಳು ಸತ್ತರು. ಇಬ್ಬರೂ ಒಳಗೆ ಹೋದರು. ಕೋರ್ಟಿನಲ್ಲಿ ಜೋ ಫೋನಿನ ಮಾತನ್ನೇ ಅಲ್ಲಗಳೆದ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿಯದು? ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ಸ್ಟೀವ್ ಇವತ್ತಿಗೂ ಕೊಲಂಬಸ್ ಊರಿನ ಜೈಲಿನಲ್ಲಿದ್ದಾನೆ.

ಬಿಡುಗಡೆಯಾದ ದಿನ ಜೋ ಮನೆ ಬಾಗಿಲವರೆಗೂ ಕಾರಿನಲ್ಲಿ ಬರಲಿಲ್ಲ. ಬೀದಿಯ ಮೂಲೆಯಲ್ಲೇ ಇಳಿದು, ಜಗಲಿಗಳ ಮೇಲೆ ಕೂತು ಕೊಲೆಗಡುಕನನ್ನು ನೋಡುವಂತೆ ನೋಡುತ್ತಿದ್ದವರ ಎದುರಿಗೇ ನಡೆದು ಬಂದ. ಹದಿನಾಲ್ಕೇ ತಿಂಗಳಲ್ಲಿ ಮತ್ತೆ ಮೊದಲಿನ ಹಾಗೆ ದೊಡ್ಡ ಕಾರ್ಖಾನೆ, ದೊಡ್ಡ ಹೆಸರು. ಇದನ್ನು ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ, ಅದೂ ಸ್ಟೀವನ ಮಗಳು ಆ್ಯನ್ ಮುಂದೆ.

ಜೋಗೆ ಇಬ್ಬರು ಮಕ್ಕಳು. ಕಿರಿಯವನು ಲ್ಯಾರಿ, ಪೈಲಟ್, ಯುದ್ಧದಲ್ಲಿ ಕಾಣೆಯಾಗಿ ಮೂರು ವರ್ಷ ದಾಟಿದೆ. ಬಿದ್ದಿರುವ ಮರ ಅವನ ನೆನಪಿಗೆ ನೆಟ್ಟದ್ದು. ಬಂದೇ ಬರುತ್ತಾನೆ ಎಂದು ತಾಯಿ ಕೇಟ್ ಕಾಯುತ್ತಿದ್ದಾಳೆ. ಹಿರಿಯವನು ಕ್ರಿಸ್ ಯುದ್ಧದಿಂದ ಬದುಕಿ ಬಂದು ಅಪ್ಪನ ಜೊತೆ ಇದ್ದಾನೆ. ಲ್ಯಾರಿಯನ್ನು ಮದುವೆಯಾಗಬೇಕಿದ್ದ ಆ್ಯನ್ ಈಗ ಕ್ರಿಸ್‌ನನ್ನು ಒಪ್ಪಿ ಬಂದಿದ್ದಾಳೆ. ಲ್ಯಾರಿ ಸತ್ತಿದ್ದಾನೆ ಎಂದು ಒಪ್ಪದೆ ಕೇಟ್ ಈ ಮದುವೆಗೆ ಒಪ್ಪುವ ಹಾಗಿಲ್ಲ. ಅದೇ ದಿನ ಆ್ಯನ್‌ಳ ಅಣ್ಣ ಜಾರ್ಜ್ ಜೈಲಿಗೆ ಹೋಗಿ ಅಪ್ಪನನ್ನು ಕಂಡು, ಫೋನಿನ ಕತೆ ಕೇಳಿಸಿಕೊಂಡು, ತಂಗಿಯನ್ನು ಕರೆದೊಯ್ಯಲು ನೇರ ಇಲ್ಲಿಗೆ ಬರುತ್ತಾನೆ.

ಮಿಲ್ಲರನಿಗೆ ಬೀಜ ಸಿಕ್ಕಿದ್ದು ಮನೆಗೆ ಬಂದ ಹೆಂಗಸೊಬ್ಬರು ಹೇಳಿದ ಸುದ್ದಿಯಿಂದ. ಸೇನೆಗೆ ಕೆಟ್ಟ ಯಂತ್ರ ಮಾರುತ್ತಿದ್ದ ಅಪ್ಪನನ್ನು ಮಗಳೇ ಹಿಡಿದುಕೊಟ್ಟ ಸುದ್ದಿ ಅದು. ಆಕೆ ಕತೆ ಮುಗಿಸುವಷ್ಟರಲ್ಲಿ ತಾನು ಮಗಳನ್ನು ಮಗನಾಗಿ ಮಾಡಿಕೊಂಡಾಗಿತ್ತು ಎಂದು ಅವನು ಆಮೇಲೆ ಬರೆದುಕೊಂಡಿದ್ದಾನೆ.

ಒಂದು ಸುತ್ತು ಸೂರ್ಯ

ಮೊದಲ ಅಂಕ ಬೆಳಿಗ್ಗೆ, ಎರಡನೆಯದು ಸಂಜೆ, ಮೂರನೆಯದು ಅಂದೇ ರಾತ್ರಿ ಎರಡು ಗಂಟೆಗೆ. ಮೂರೂ ಅದೇ ಹಿತ್ತಿಲು. ಟ್ರ್ಯಾಜಿಡಿ ಸೂರ್ಯನ ಒಂದು ಸುತ್ತಿನೊಳಗೆ ಮುಗಿಯಲು ನೋಡುತ್ತದೆ ಎಂದು ಅರಿಸ್ಟಾಟಲನ 'ಪೊಯೆಟಿಕ್ಸ್' ಹೇಳುತ್ತದೆ. ಅದು ಕಂಡದ್ದನ್ನು ಹೇಳಿದ ಮಾತು, ಕಾನೂನಲ್ಲ. ಸ್ಥಳದ ಐಕ್ಯವಂತೂ ಆ ಪುಸ್ತಕದಲ್ಲಿ ಹುಡುಕಿದರೂ ಸಿಗುವುದಿಲ್ಲ; ಹದಿನಾರನೇ ಶತಮಾನದ ಇಟಲಿಯ ಪಂಡಿತರು ಕಟ್ಟಿ ಅರಿಸ್ಟಾಟಲನ ತಲೆಗೆ ಹೊರಿಸಿದ್ದು. ಅವನು ಪಟ್ಟು ಹಿಡಿದದ್ದು ಕ್ರಿಯೆಯ ಐಕ್ಯಕ್ಕೆ ಮಾತ್ರ.

ಮಿಲ್ಲರ್ ಕಾಲವನ್ನು ಹೀಗೆ ಬಿಗಿದದ್ದಕ್ಕೆ ಬೇರೆ ಕಾರಣವಿದೆ. 'ಈಡಿಪಸ್'ನಲ್ಲಿ ಪರದೆ ಏಳುವ ಮೊದಲೇ ಎಲ್ಲ ಆಗಿ ಹೋಗಿರುತ್ತದೆ: ಕೊಲೆ, ಮದುವೆ, ಮಕ್ಕಳು. ರಂಗದ ಮೇಲೆ ಉಳಿದಿರುವುದು ಗೊತ್ತಾಗುವುದೊಂದೇ. ಇಲ್ಲಿಯೂ ಅಷ್ಟೆ. ಬಿರುಕು, ಫೋನು, ಸಾವು, ತೀರ್ಪು ಎಲ್ಲ ಹಳೆಯ ಸಂಗತಿ. ಹಿತ್ತಿಲಲ್ಲಿ ಹೊಸದಾಗಿ ಆಗುವುದು ಬರೀ ಮಾತುಕತೆ. ಹಳೆಯ ಪಾಪವನ್ನು ಇವತ್ತಿನ ಊಟದ ಮನೆಗೆ ಕರೆತರುವ ಈ ಕಸುಬನ್ನು ಮಿಲ್ಲರ್ ನಾರ್ವೆಯ ನಾಟಕಕಾರ ಇಬ್ಸನ್‌ನಿಂದ ಕಲಿತ. ಇಬ್ಸನ್‌ನ ಕಸುಬಿನ ಹಿಂದೆ ಸೊಫೊಕ್ಲಿಸ್ ಇದ್ದಾನೆ.

ತಪ್ಪು ಯಾವುದು

ನಾಯಕನನ್ನು ಬೀಳಿಸುವ ತಪ್ಪಿಗೆ ಅರಿಸ್ಟಾಟಲ್ ಬಳಸಿದ ಪದ ಹಮಾರ್ತಿಯಾ. ಅದೆಂದರೆ ನಾಯಕನ 'ಸ್ವಭಾವದೋಷ' ಎಂದು ಬರೆದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಬೀಳುತ್ತದೆ. ಗ್ರೀಕಿನಲ್ಲಿ ಆ ಪದದ ಮೂಲ ಕ್ರಿಯಾಪದ ಈಟಿ ಗುರಿ ತಪ್ಪಿದ್ದಕ್ಕೂ ಬಳಕೆಯಾಗುತ್ತಿತ್ತು. ಇಂಥವನಿಗೆ ಇಂಥ ದುರ್ಗುಣ ಎಂದು ಚೀಟಿ ಅಂಟಿಸುವುದಕ್ಕಿಂತ, ಕೈ ಎತ್ತಿದ್ದು ಎತ್ತ, ತಗುಲಿದ್ದು ಎಲ್ಲಿ ಎಂದು ಕೇಳುವುದು ಆ ಪದಕ್ಕೆ ಹತ್ತಿರ.

ಜೋಗೆ ದುರಾಸೆ ಎಂಬ ಚೀಟಿ ಅಂಟಿಸಿದರೆ ನಾಟಕ ಅಲ್ಲಿಗೇ ಸಾಯುತ್ತದೆ. ಅವನು ತನಗಾಗಿ ಏನೂ ಬಯಸಿದವನಲ್ಲ. ನಲವತ್ತು ವರ್ಷ ಕಟ್ಟಿದ ವ್ಯಾಪಾರ ಐದು ನಿಮಿಷದಲ್ಲಿ ಕಿತ್ತುಕೊಂಡು ಹೋಗುತ್ತದೆ, ಮಕ್ಕಳಿಗೆ ಬಿಡಲು ಏನೂ ಇರುವುದಿಲ್ಲ ಎಂಬುದೇ ಅವನ ಲೆಕ್ಕ. ಹೆಡ್‌ಗಳನ್ನು ವಿಮಾನಕ್ಕೆ ಕೂರಿಸುವ ಮೊದಲೇ ಯಾರಾದರೂ ಕಂಡುಹಿಡಿದು ತಡೆಯುತ್ತಾರೆ ಎಂದುಕೊಂಡಿದ್ದೆ ಎನ್ನುತ್ತಾನೆ. ಅವನ ಬೇಲಿ ಹಿತ್ತಿಲ ಬೇಲಿ. ಒಳಗಿದ್ದವರು ನನ್ನವರು, ಆಚೆಗಿನದು ಮಾರುಕಟ್ಟೆ. ಗುರಿ ತಪ್ಪಿದ್ದು ಈ ಬೇಲಿ ಹಾಕುವಲ್ಲಿ.

ಸ್ನೇಹವೋ ರಕ್ತವೋ ಇರುವವರ ನಡುವೆ ಕೇಡು ನಡೆದಾಗಲೇ ಕರುಣೆ ಹುಟ್ಟುವುದು, ಶತ್ರು ಶತ್ರುವನ್ನು ಕೊಂದರೆ ಏನೂ ಅನಿಸುವುದಿಲ್ಲ ಎನ್ನುತ್ತಾನೆ ಅರಿಸ್ಟಾಟಲ್. ಈಡಿಪಸ್ ಮೂರು ದಾರಿ ಕೂಡುವಲ್ಲಿ ಗುರುತಿಲ್ಲದ ಮುದುಕನೊಬ್ಬನನ್ನು ಕೊಂದ. ಆ ಮುದುಕ ಅಪ್ಪ. ಜೋ ಗುರುತಿಲ್ಲದ 21 ಹುಡುಗರನ್ನು ಕೊಂದ. ಅವರು ಯಾರು ಎಂದು ಅವನಿಗೆ ತಿಳಿಯುವುದಕ್ಕೆ ನಾಟಕ ಮುಗಿಯುವ ಕ್ಷಣ ಬರಬೇಕು. ಆಗ ಅವನು ಹೇಳುವ ಮಾತೇ ನಾಟಕದ ಹೆಸರು. ಹೆಸರಿನಲ್ಲೇ ಗುಟ್ಟು ಬಿಟ್ಟುಕೊಟ್ಟು, ಕೊನೆಯವರೆಗೂ ಅದು ನಮಗೆ ಅರ್ಥವಾಗದ ಹಾಗೆ ನೋಡಿಕೊಂಡಿದ್ದಾನಲ್ಲ ಮಿಲ್ಲರ್, ಅದಕ್ಕೆ ನನ್ನ ನಮಸ್ಕಾರ.

ಇದಕ್ಕೆ ನ್ಯಾಯವಾದ ಆಕ್ಷೇಪವೊಂದಿದೆ. ಈಡಿಪಸ್‌ಗೆ ಗೊತ್ತಿರಲಿಲ್ಲ, ಜೋಗೆ ಗೊತ್ತಿತ್ತು. ಬಿರುಕು ಗೊತ್ತು, ವಿಮಾನ ಗೊತ್ತು, ಸುಳ್ಳೂ ಗೊತ್ತು. ಹಾಗಿದ್ದರೆ ಅವನು ಗೊತ್ತಿದ್ದೂ ಮಕ್ಕಳನ್ನು ಕೊಂದ ಮಿಡೀಯಾಳ ಸಾಲಿಗೆ ಸೇರಬೇಕಲ್ಲವೇ? ಅವನು ಎರಡರ ನಡುವೆ ನಿಂತಿದ್ದಾನೆ ಎಂದು ನನಗೆ ಕಾಣುತ್ತದೆ. ಸಂಗತಿ ಗೊತ್ತಿತ್ತು, ಸಂಬಂಧ ಗೊತ್ತಿರಲಿಲ್ಲ. ಗ್ರೀಕ್ ನಾಟಕದಲ್ಲಿ ಸಂಬಂಧ ರಕ್ತದ್ದು, ಪಾದದ ಗಾಯದ ಗುರುತಿನಿಂದ ಸಾಬೀತು ಮಾಡಬಹುದು. ಇಲ್ಲಿ ಅದನ್ನು ಸಾಬೀತು ಮಾಡುವ ಗುರುತೇ ಇಲ್ಲ, ಒಪ್ಪಿಕೊಳ್ಳಬೇಕು ಅಷ್ಟೆ. ಈ ಒಂದು ಕಡೆ ಮಿಲ್ಲರ್ ಗ್ರೀಕ್ ಅಳತೆಯನ್ನು ನಿಜಕ್ಕೂ ಬದಲಿಸಿದ್ದಾನೆ.

ಮತ್ತೂ ಒಂದು ಹೋಲಿಕೆ. ಜೋ ಓಣಿಯ ಹುಡುಗರ ಜೊತೆ ಪೊಲೀಸ್ ಆಟ ಆಡುತ್ತಾನೆ. ತಾನೇ ದೊಡ್ಡ ಅಧಿಕಾರಿ, ಎಂಟು ವರ್ಷದ ಬರ್ಟ್ ಅವನ ಪತ್ತೇದಾರ, ಮನೆಯ ನೆಲಮಾಳಿಗೆ ಜೈಲು. ಕೇಟ್‌ಗೆ ಈ ಆಟ ಕಂಡರೆ ಮೈ ಉರಿಯುತ್ತದೆ. ಓದುವಾಗ ತಮಾಷೆಯಾಗಿ ದಾಟಿ ಹೋಗುವ ಈ ದೃಶ್ಯದಲ್ಲಿ ಥೀಬ್ಸ್ ಇದೆ: ಅಪರಾಧಿಯೇ ತನಿಖಾಧಿಕಾರಿ. ಈಡಿಪಸ್ ತನ್ನ ಅಪ್ಪ ಲೈಯಸ್‌ನ ಕೊಲೆಗಾರನಿಗೆ ಶಾಪ ಹಾಕಿ ಆ ಶಾಪಕ್ಕೆ ತಾನೇ ಸಿಕ್ಕಿಬೀಳುತ್ತಾನೆ. ಜೋ ಮೂರನೇ ಅಂಕದಲ್ಲಿ ಹೆಂಡತಿಯೆದುರು ಆಣೆ ಹಾಕಿದ ಹಾಗೆ ಹೇಳುತ್ತಾನೆ: ನಾನು ಅಪ್ಪ, ಅವನು ಮಗ, ಇದಕ್ಕಿಂತ ದೊಡ್ಡದು ಏನಾದರೂ ಇದ್ದರೆ ತಲೆಗೆ ಗುಂಡು ಹೊಡೆದುಕೊಳ್ಳುತ್ತೇನೆ.

ದ್ರಾಕ್ಷಿ ರಸ

ಪ್ರಕರಣದ ಹೃದಯ ಎರಡನೇ ಅಂಕದಲ್ಲಿದೆ. ನನ್ನ ಮಟ್ಟಿಗೆ ಇಡೀ ನಾಟಕದ ಅತ್ಯುತ್ತಮ ಕೆಲಸವೂ ಅದೇ.

ಪೆರಿಪೆಟಿಯಾ ಎಂದರೆ ತಿರುವು. ಬರೀ ಕೆಟ್ಟದ್ದಾಗುವುದಕ್ಕೆ ಆ ಹೆಸರಿಲ್ಲ. ಮಾಡಿದ ಕೆಲಸ ತನ್ನ ಉದ್ದೇಶಕ್ಕೇ ತಿರುಗಿ ಬೀಳಬೇಕು. ಅರಿಸ್ಟಾಟಲ್ ಕೊಡುವ ಉದಾಹರಣೆ ಕೊರಿಂಥ್‌ನಿಂದ ಬಂದ ದೂತ. ಈಡಿಪಸ್‌ನ ಭಯ ಕಳೆಯಬೇಕೆಂದೇ ಅವನು ಬಾಯಿ ಬಿಡುತ್ತಾನೆ, ಬಿಟ್ಟ ಬಾಯಿಂದಲೇ ಮನೆ ಹಾಳಾಗುತ್ತದೆ.

ಜಾರ್ಜ್ ಕೆಂಡ ಕಾರುತ್ತಾ ಬಂದಿದ್ದಾನೆ. ಕೇಟ್ ಅವನನ್ನು ನೋಡಿದವಳೇ ಎಷ್ಟು ಸೊರಗಿದ್ದೀಯಪ್ಪಾ ಎಂದು ಮುಖ ಹಿಡಿದುಕೊಳ್ಳುತ್ತಾಳೆ. ಅವನಿಗಿಷ್ಟವೆಂದು ದ್ರಾಕ್ಷಿ ರಸ ಮಾಡಿಟ್ಟಿದ್ದಾಳೆ. ಹಿಂದೆ ಅವನಿಗೆ ಮನಸ್ಸಿದ್ದ ಲಿಡಿಯಾ ಬಂದು ಮಾತಾಡಿಸಿ ಹೋಗುತ್ತಾಳೆ, ಅವಳಿಗೀಗ ಮೂರು ಮಕ್ಕಳು. ಜೋ ಬಂದು ಸ್ಟೀವ್ ಹಿಂದೆಯೂ ತನ್ನ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಿದ ಸಂದರ್ಭಗಳನ್ನು ಒಂದೊಂದಾಗಿ ನೆನಪಿಸುತ್ತಾನೆ. ಅವು ನಿಜವೇ. ಜಾರ್ಜ್ ಕರಗುತ್ತಾನೆ. ಊಟಕ್ಕೆ ನಿಲ್ಲಲು ಮನಸ್ಸು ಮಾಡುತ್ತಾನೆ. ಈ ಮನೆಯಲ್ಲಿದ್ದಷ್ಟು ನೆಮ್ಮದಿ ಎಲ್ಲೂ ಸಿಗಲಿಲ್ಲ, ನೀವಿಬ್ಬರೂ ಬದಲಾಗಿಯೇ ಇಲ್ಲ ಎನ್ನುತ್ತಾನೆ. ಕಾಯಿಲೆ ಬೀಳಲು ಪುರುಸೊತ್ತೆಲ್ಲಿ ಎಂದು ಜೋ. ಕೇಟ್ ಸೇರಿಸುತ್ತಾಳೆ: ಹದಿನೈದು ವರ್ಷದಿಂದ ಇವರು ಒಂದು ದಿನ ಹಾಸಿಗೆ ಹಿಡಿದವರಲ್ಲ.

ಜೋ ತಕ್ಷಣ: ಯುದ್ಧದ ಕಾಲದ ಫ್ಲೂ ಒಂದು ಬಿಟ್ಟು. ಕೇಟ್: ಹ್ಞಾಂ? ಆಮೇಲೆ ಗಡಿಬಿಡಿಯಿಂದ, ಹೌದ್ಹೌದು, ಅದೊಂದು ಬಿಟ್ಟು, ಮರೆತೇ ಹೋಗಿತ್ತು. ಜಾರ್ಜ್ ಅಲುಗಾಡದೆ ನಿಂತಿದ್ದಾನೆ.

ಇಡೀ ಕೇಸು ನಿಂತಿದ್ದು ಆ ಫ್ಲೂ ಮೇಲೆ. ಜೋ ಅವತ್ತು ಕಾರ್ಖಾನೆಗೆ ಬಾರದಿದ್ದದ್ದಕ್ಕೆ ಅದೊಂದೇ ನೆವ. ಅದನ್ನು ಕೆಡವಿದ್ದು ವಕೀಲನಲ್ಲ, ಸಾಕ್ಷಿಯಲ್ಲ; ಗಂಡನ ಆರೋಗ್ಯದ ಬಗ್ಗೆ ಹೆಂಡತಿ ಆಡುವ, ನಮ್ಮ ನಿಮ್ಮ ಮನೆಗಳಲ್ಲಿ ದಿನಾ ಕೇಳುವ ಮಾತು.

ಕೆಲವು ವರ್ಷದ ಹಿಂದೆ ಗೆಳೆಯರ ಜೊತೆ ಕೂತು, ಬಾಯಲ್ಲೇ ಕನ್ನಡ ಮಾಡಿಕೊಳ್ಳುತ್ತಾ ಈ ನಾಟಕ ಓದಿದ್ದೆವು. ಕೇಟ್ ಪಾತ್ರ ಓದುತ್ತಿದ್ದವರು ಒಳ್ಳೆಯ ನಟಿ. ಈ ಸಾಲು ಬಂದಾಗ ಅರೆಗಳಿಗೆ ತಡೆದು, ಒತ್ತಿ ಹೇಳಿದರು. ಅಲ್ಲಿಗೆ ದೃಶ್ಯ ಬಿದ್ದುಹೋಯಿತು. ಎರಡನೇ ಸಲ ಖಾಲಿ ಲೋಟ ಎತ್ತಿಕೊಳ್ಳುತ್ತಾ, ಜಾರ್ಜ್ ಕಡೆ ನೋಡದೆ, ಉದಾಸೀನವಾಗಿ ಅಂದರು. ಆಗ ಜಾರ್ಜ್ ಓದುತ್ತಿದ್ದವರಿಗೆ ಮುಂದಿನ ಮಾತು ಬರಲೇ ಇಲ್ಲ, ಪುಸ್ತಕ ನೋಡುತ್ತಾ ಕೂತುಬಿಟ್ಟರು.

ಕಾಗದ

ಗುರುತು ಹತ್ತುವುದು, ಅಂದರೆ ಅನಾಗ್ನೊರಿಸಿಸ್, ಎಷ್ಟು ಬಗೆ ಎಂದು ಅರಿಸ್ಟಾಟಲ್ ಎಣಿಸಿದ್ದಾನೆ. ಕಲೆ, ಹಾರ, ಉಂಗುರದಂಥ ವಸ್ತುವಿನಿಂದ ಗುರುತಾಗುವುದು ಕೀಳು ತರಗತಿ. ಘಟನೆಯೊಳಗಿಂದಲೇ ಹುಟ್ಟಿದ್ದು ಮೇಲು. ನಮ್ಮ ಶಾಕುಂತಲದ ಅಭಿಜ್ಞಾನದ ಉಂಗುರಕ್ಕೆ ಅವನು ಎಷ್ಟು ಅಂಕ ಕೊಡುತ್ತಿದ್ದನೋ! ಈ ಲೆಕ್ಕದಲ್ಲಿ ಕೇಟ್ ಬಾಯಿ ಜಾರಿದ್ದಕ್ಕೆ ಪೂರ್ತಿ ಅಂಕ.

ಮೂರನೇ ಅಂಕದ ಕಾಗದಕ್ಕೆ? ಲ್ಯಾರಿ ಸತ್ತದ್ದು ಆ್ಯನ್‌ಗೆ ಮೊದಲಿಂದ ಗೊತ್ತು. ಅಪ್ಪ ಜೈಲಿಗೆ ಹೋದ ಸುದ್ದಿ ಪತ್ರಿಕೆಯಲ್ಲಿ ಓದಿ, ತನ್ನ ಜೊತೆಯ ಹುಡುಗರು ದಿನವೂ ವಾಪಸು ಬಾರದಿರುವುದನ್ನು ನೋಡಿ ತಾಳಲಾರದೆ, ಇನ್ನು ನಾನು ವಾಪಸಾಗುವುದಿಲ್ಲ ಎಂದು ಅವಳಿಗೆ ಬರೆದು ವಿಮಾನ ಹತ್ತಿದ್ದ. ಆ ಕಾಗದ ಇಷ್ಟು ವರ್ಷ ಅವಳ ಬಳಿಯೇ ಇದ್ದು, ಬೇಕಾದ ರಾತ್ರಿಯೇ ಹೊರಬರುತ್ತದೆ. ಕೃತಕ ಎಂದು ಬಹಳ ಜನ ದೂರಿದ್ದಾರೆ, ಪೂರ್ತಿ ತಪ್ಪೇನಲ್ಲ. ಆದರೆ ಕಾಗದವೆಂದ ಮಾತ್ರಕ್ಕೆ ಅರಿಸ್ಟಾಟಲ್ ಮೂಗು ಮುರಿದವನಲ್ಲ. ಯೂರಿಪಿಡೀಸ್‌ನ ನಾಟಕದಲ್ಲಿ ಇಫಿಜೀನಿಯಾ ಊರಿಗೊಂದು ಕಾಗದ ಕಳಿಸಲು ಹೋಗಿ, ದಾರಿಯಲ್ಲಿ ಕಳೆದರೂ ಬಾಯಲ್ಲಿ ಹೇಳಲಿ ಎಂದು ಅದನ್ನು ಗಟ್ಟಿಯಾಗಿ ಒಪ್ಪಿಸುತ್ತಾಳೆ. ಪಕ್ಕದಲ್ಲೇ ನಿಂತ ತಮ್ಮನಿಗೆ ಅಕ್ಕನ ಗುರುತು ಸಿಗುತ್ತದೆ. ಆಕೆ ಕಾಗದ ಕಳಿಸಬಯಸಿದ್ದು ಸಹಜ ಎಂದು ಅವನು ಮೆಚ್ಚುತ್ತಾನೆ. ಆ್ಯನ್‌ಗೂ ಕಾರಣವಿದೆ. ಜೋ ವಿರುದ್ಧ ನಾನು ಏನೂ ಮಾಡುವುದಿಲ್ಲ, ಲ್ಯಾರಿ ಸತ್ತಿದ್ದಾನೆ ಎಂದು ಕ್ರಿಸ್‌ಗೆ ನೀವೇ ಹೇಳಿಬಿಡಿ ಎಂದು ಕೇಟ್‌ಳನ್ನು ಬೇಡಿಕೊಳ್ಳುತ್ತಾಳೆ. ಕೇಟ್ ಒಪ್ಪದಿದ್ದಾಗಲೇ ಕಾಗದ ತೆಗೆಯುವುದು.

ನನಗೆ ಮುಖ್ಯವೆನಿಸುವುದು ಇನ್ನೊಂದು. ಕಾಗದ ಬರುವ ಹೊತ್ತಿಗೆ ಜೋ ಮಾಡಿದ ಅಪರಾಧ ಎಲ್ಲರಿಗೂ ಗೊತ್ತಾಗಿದೆ, ಕ್ರಿಸ್ ಎರಡನೇ ಅಂಕದ ಕೊನೆಗೇ ಅದನ್ನು ಅಪ್ಪನ ಬಾಯಿಂದ ಹೊರಡಿಸಿದ್ದಾನೆ. ಕಾಗದ ಹೊಸ ಅಪರಾಧವನ್ನೇನೂ ಹೇಳುವುದಿಲ್ಲ, ಹೊಸ ನಂಟನ್ನು ಹೇಳುತ್ತದೆ. ಲ್ಯಾರಿ ಆ ಮಾದರಿಯ ವಿಮಾನವನ್ನೇ ಹಾರಿಸುತ್ತಿರಲಿಲ್ಲ ಎಂಬುದು ಜೋನ ಕೊನೆಯ ಕೋಟೆ. ಲ್ಯಾರಿ ಸತ್ತಿದ್ದರೆ ಕೊಂದವನು ನಿಮ್ಮಪ್ಪನೇ, ಅದಕ್ಕೇ ಅವನು ಬದುಕಿರಬೇಕು ಎಂಬುದು ಕೇಟ್‌ಳ ಹುಚ್ಚು ತರ್ಕ. ಕೋರ್ಟಿನಲ್ಲಿ ಜೋ ಗೆಲ್ಲುತ್ತಾನೆ. ಕಾಗದದಲ್ಲಿ ಕೇಟ್ ತರ್ಕ ಗೆಲ್ಲುತ್ತದೆ.

ಮೇಳವೂ ಜಾತಕವೂ

ನಾಟಕ ಸೋಲುವ ಜಾಗಗಳನ್ನೂ ಹೇಳಬೇಕು. ಕ್ರಿಸ್ ಭಾಷಣ ಜಾಸ್ತಿ. ಅಪ್ಪನ ಮೇಲೆ ಅನುಮಾನವಿದ್ದೂ ಸುಮ್ಮನಿದ್ದೆ ಎಂದು ಒಪ್ಪಿಕೊಳ್ಳುವ ಒಂದು ಕ್ಷಣ ಅವನ ಉಳಿದ ಆದರ್ಶದ ಮಾತಿಗಿಂತ ತೂಕದ್ದು. ಮಿಲ್ಲರ್ ಅದನ್ನು ಬೇಗ ದಾಟಿಬಿಟ್ಟ.

ನೆರೆಹೊರೆಯವರು ಇಲ್ಲಿನ ಮೇಳ, ಗ್ರೀಕ್ ನಾಟಕದ ಕೋರಸ್ ಇದ್ದ ಹಾಗೆ. ಗ್ರೀಕ್ ಮೇಳ ಹೆದರುತ್ತದೆ, ದೇವರನ್ನು ನೆನೆಯುತ್ತದೆ. ಈ ಮೇಳಕ್ಕೆ ಎಲ್ಲ ಗೊತ್ತು, ಭಯವಿಲ್ಲ. ಜೋ ಚಾಲಾಕಿತನದಿಂದ ಪಾರಾದ ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ ಎಂದು ಪಕ್ಕದ ಮನೆಯ ಸೂ ಆ್ಯನ್‌ಗೆ ಹೇಳುತ್ತಾಳೆ, ಬುದ್ಧಿವಂತ ಎನ್ನುವ ದನಿಯಲ್ಲೇ. ಇಸ್ಪೀಟು ಆಡಲು ಅದೇ ಹಿತ್ತಿಲಿಗೆ ಬರುತ್ತಾರೆ. ಈಡಿಪಸ್‌ನ ಪಾಪಕ್ಕೆ ಥೀಬ್ಸ್‌ಗೆ ಬಡಿದ ಪ್ಲೇಗ್ ಇಲ್ಲಿ ಹೀಗೆ, ಯಾರಿಗೂ ಜ್ವರ ಬಾರದ ಹಾಗೆ ಇದೆ.

ದೇವವಾಣಿಯ ಜಾಗದಲ್ಲಿ ಜಾತಕ. ಲ್ಯಾರಿ ಕಾಣೆಯಾದ ನವೆಂಬರ್ 25 ಅವನಿಗೆ ಶುಭದಿನವಾಗಿತ್ತೋ ಎಂದು ನೆರೆಯ ಫ್ರಾಂಕ್ ಲೆಕ್ಕ ಹಾಕುತ್ತಿದ್ದಾನೆ, ಕೇಟ್ ಕೇಳಿದ್ದಕ್ಕೆ. ಶುಭದಿನವೆಂದೇ ಬರುತ್ತದೆ. ಡೆಲ್ಫಿಯ ವಾಣಿ ಭಯಂಕರ ನಿಜ ಹೇಳುತ್ತಿತ್ತು; ಫ್ರಾಂಕ್‌ನ ಜಾತಕ ಹಿತವಾದ ಸುಳ್ಳು ಹೇಳುತ್ತದೆ. ವಿಧಿ ಏನಾದರೂ ಉಳಿದಿದ್ದರೆ ಅದು ಮುರಿದ ಮರದಲ್ಲಿ. ಆರ್ಗೋಸಿನಲ್ಲಿ ಮಿಟಿಸ್ ಎಂಬವನನ್ನು ಕೊಂದವನ ಮೇಲೆ ಮಿಟಿಸ್‌ನ ಪ್ರತಿಮೆಯೇ ಬಿದ್ದು ಅವನು ಸತ್ತನಂತೆ. ಆಕಸ್ಮಿಕವೇ ಆದರೂ ಉದ್ದೇಶವಿದ್ದಂತೆ ಕಾಣುವ ಇಂಥದ್ದು ಕತೆಗೆ ಚೆನ್ನ ಎನ್ನುತ್ತಾನೆ ಅರಿಸ್ಟಾಟಲ್.

ಕಾಗದ ಕೇಳಿದ ಮೇಲೆ ಜೋ ಜೈಲಿಗೆ ಹೊರಡಲು ಒಪ್ಪುತ್ತಾನೆ. ಲ್ಯಾರಿ ನನ್ನ ಮಗನೇ, ಆದರೆ ಅವನ ಕಣ್ಣಿಗೆ ಅವರೆಲ್ಲರೂ ನನ್ನ ಮಕ್ಕಳಾಗಿದ್ದರು, ಹೌದು, ಆಗಿದ್ದರು ಅನಿಸುತ್ತೆ ಎನ್ನುತ್ತಾನೆ. ಕಾರು ತೆಗಿ, ಜಾಕೆಟ್ ಹಾಕಿಕೊಂಡು ಬರುತ್ತೇನೆ ಎಂದಿದ್ದವನು ಒಳಗೆ ಹೋಗುತ್ತಾನೆ. ಗುಂಡಿನ ಸದ್ದು. ಗ್ರೀಕರ ಬಹುತೇಕ ಸಾವುಗಳ ಹಾಗೆ ಇದೂ ಬಾಗಿಲ ಹಿಂದೆ.

'ಈಡಿಪಸ್'ನಲ್ಲಿ ಮೊದಲು ತಿಳಿದುಕೊಂಡವಳು ಜೊಕಾಸ್ಟಾ. ಇನ್ನು ಕೆದಕಬೇಡ ಎಂದು ಗಂಡನನ್ನು ಬೇಡಿ, ಒಳಗೆ ಹೋಗಿ ನೇಣು ಹಾಕಿಕೊಳ್ಳುತ್ತಾಳೆ. ಈಡಿಪಸ್ ಕಣ್ಣು ಕಿತ್ತುಕೊಂಡು ಬದುಕಿ ಉಳಿಯುತ್ತಾನೆ. ಮಿಲ್ಲರ್ ಇದನ್ನು ತಿರುವಿಹಾಕಿದ್ದಾನೆ. ಎಲ್ಲರಿಗಿಂತ ಮೊದಲು, ಫ್ಲೂ ಇರದಿದ್ದ ಆ ದಿನದಿಂದಲೇ ತಿಳಿದಿದ್ದ ಕೇಟ್ ಉಳಿಯುತ್ತಾಳೆ. ಮಗನನ್ನು ತಬ್ಬಿ, ನಿನ್ನ ಮೇಲೆ ಹಾಕಿಕೊಳ್ಳಬೇಡ, ಮರೆತುಬಿಡು, ಬದುಕು ಎನ್ನುತ್ತಾಳೆ. ಆಮೇಲೆ ಜಗಲಿಯ ಕಡೆ ನಡೆದು, ಮೆಟ್ಟಿಲ ಬಳಿ ಬಂದಾಗ ಅಳತೊಡಗುತ್ತಾಳೆ. ಕೊಲಂಬಸ್ ಜೈಲಿನಲ್ಲಿರುವ ಸ್ಟೀವ್‌ನ ಹೆಸರನ್ನು ಆ ಹೊತ್ತಿಗೆ ಯಾರೂ ಎತ್ತುವುದಿಲ್ಲ.